ನಾಲ್ಕನೇ ಡೌನ್, 18 ಯಾರ್ಡ್, 18 ಸೆಕೆಂಡ್

ಬೋಯ್ಸಿ ಸ್ಟೇಟ್ 43, ಓಕ್ಲಹೋಮಾ 42. 2007ರ ಜನವರಿ 1ರಂದು ಅರಿಜೋನಾದ ಗ್ಲೆಂಡೇಲ್‌ನಲ್ಲಿ ನಡೆದ ಫಿಯೆಸ್ಟಾ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಅಂಕ ಇದು. ಯೂಟ್ಯೂಬಿನಲ್ಲಿ ಇದರ ಕೊನೆಯ ಹತ್ತು ನಿಮಿಷ ನೋಡಿದವರು "ಬರೀ ಅದೃಷ್ಟ ಕಣ್ರೀ" ಅಂದು ಮುಗಿಸಿಬಿಡುತ್ತಾರೆ. ಅದೃಷ್ಟದ ಪಾಲೇ ಇರಲಿಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಬೋಯ್ಸಿ ಆ ರಾತ್ರಿ ಆಡಿದ ಮೂರು ತಂತ್ರಗಳನ್ನು ಬಿಚ್ಚಿ ನೋಡಿದರೆ ಮೂರರಲ್ಲೂ ಒಂದೇ ಎಳೆ ಸಿಗುತ್ತದೆ. ಓಕ್ಲಹೋಮಾದವರು ತಪ್ಪು ಮಾಡಲಿ ಎಂದು ಇವರು ಕಾದು ಕೂರಲಿಲ್ಲ. ಅವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಾರೆ ಎಂಬ ನಂಬಿಕೆಯ ಮೇಲೆ ಬಲೆ ಹೆಣೆದಿದ್ದರು.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ನಿಯಮ. ಮೈದಾನ 100 ಯಾರ್ಡ್, ಎರಡೂ ತುದಿಯಲ್ಲಿ ಹತ್ತು ಹತ್ತು ಯಾರ್ಡಿನ ಎಂಡ್‌ಜೋನ್, ಒಂದೊಂದು ಕಡೆ 11 ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಯತ್ನ. ಒಂದೊಂದು ಯತ್ನಕ್ಕೂ ಡೌನ್ ಎನ್ನುತ್ತಾರೆ. ನಾಲ್ಕರಲ್ಲಿ 10 ಯಾರ್ಡ್ ದಾಟಿದರೆ ಮತ್ತೆ ನಾಲ್ಕು ಸಿಗುತ್ತವೆ, ದಾಟದಿದ್ದರೆ ಚೆಂಡು ಎದುರಾಳಿಯ ಪಾಲು. ಎಂಡ್‌ಜೋನ್ ಮುಟ್ಟಿದರೆ ಟಚ್‌ಡೌನ್, 6 ಅಂಕ. ಆಮೇಲೊಂದು ಬೋನಸ್ ಯತ್ನ: 3 ಯಾರ್ಡ್ ಗೆರೆಯಿಂದ ಆಟ ಶುರುಮಾಡಿ ಕಂಬಗಳ ನಡುವೆ ಒದ್ದರೆ 1 ಅಂಕ, ಅದೇ 3 ಯಾರ್ಡನ್ನು ಓಡಿಯೋ ಎಸೆದೋ ದಾಟಿದರೆ 2 ಅಂಕ. ಒದೆಯುವುದು ಬಹುತೇಕ ಕೈಗೆ ಬಂದ ಅಂಕ. ಎರಡಕ್ಕೆ ಹೋಗುವುದು ಸಾಮಾನ್ಯವಾಗಿ ಶೇ 40ರಿಂದ 45ರಷ್ಟು ಸಲ ಮಾತ್ರ ಫಲಿಸುತ್ತದೆ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬೌಲ್ ಅಂದರೆ ಋತು ಮುಗಿದ ಮೇಲೆ, ಡಿಸೆಂಬರ್ ಕೊನೆ-ಜನವರಿ ಮೊದಲಲ್ಲಿ, ಆಯ್ದ ಕಾಲೇಜು ತಂಡಗಳ ನಡುವೆ ನಡೆಯುವ ಪಂದ್ಯ. ಇವುಗಳಲ್ಲಿ ಹಳೆಯದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ್ದು, 1902ರಲ್ಲಿ ಶುರುವಾದದ್ದು. ಬಟ್ಟಲಿನ ಆಕಾರದ ಕ್ರೀಡಾಂಗಣದಿಂದ ಬೌಲ್ ಎಂಬ ಹೆಸರು ಅಂಟಿಕೊಂಡಿತು. ಫಿಯೆಸ್ಟಾ ಬೌಲ್ 1971ರದ್ದು. ಗ್ಲೆಂಡೇಲ್‌ನ ಕ್ರೀಡಾಂಗಣ ಆಗ ಐದು ತಿಂಗಳ ಕೂಸು. ಮೇಲ್ಛಾವಣಿ ತೆರೆದು ಮುಚ್ಚುತ್ತದೆ, ಹುಲ್ಲುಹಾಸು ಇಡಿಯಾಗಿ ಒಂದು ತಟ್ಟೆಯ ಮೇಲೆ ಕೂತು ಬಿಸಿಲು ಕಾಯಲು ಹಳಿಗಳ ಮೇಲೆ ಹೊರಗೆ ಹೋಗಿಬರುತ್ತದೆ. ಆಗ ಅದರ ಹೆಸರು ಯೂನಿವರ್ಸಿಟಿ ಆಫ್ ಫೀನಿಕ್ಸ್ ಸ್ಟೇಡಿಯಂ. ಆ ವಿಶ್ವವಿದ್ಯಾಲಯಕ್ಕೆ ಸ್ವಂತ ಫುಟ್‌ಬಾಲ್ ತಂಡವೇ ಇಲ್ಲ, ಹೆಸರಿಗೆ ದುಡ್ಡು ಕೊಟ್ಟಿತ್ತು ಅಷ್ಟೆ.

ಪತ್ರಕರ್ತರ ಮತದಿಂದ ತಯಾರಾಗುವ ಎಪಿ ಪಟ್ಟಿಯಲ್ಲಿ ಓಕ್ಲಹೋಮಾ 7ನೇ ಸ್ಥಾನ, ಬೋಯ್ಸಿ 9ನೇ ಸ್ಥಾನ. ಕಾಗದದ ಮೇಲೆ ಅಂತರ ಎರಡೇ ಮೆಟ್ಟಿಲು, ವಾಸ್ತವದಲ್ಲಿ ಅಜಗಜಾಂತರ. ಓಕ್ಲಹೋಮಾ ಏಳು ಸಲದ ರಾಷ್ಟ್ರೀಯ ಚಾಂಪಿಯನ್, ಬಿಗ್ 12 ಎಂಬ ದೊಡ್ಡ ಒಕ್ಕೂಟವನ್ನು ಗೆದ್ದು ಬಂದಿತ್ತು. ಬೋಯ್ಸಿ ಐಡಹೋದ ತಂಡ. ಹೊರಗಿನವರಿಗೆ ಅದರ ಗುರುತು ಅಂದರೆ 1986ರಿಂದ ತವರಿನಲ್ಲಿ ಹಾಸಿರುವ ನೀಲಿ ಬಣ್ಣದ ಹುಲ್ಲುಹಾಸು. ಮೇಲ್ದರ್ಜೆಗೆ ಬಂದದ್ದೇ 1996ರಲ್ಲಿ. 12 ಪಂದ್ಯ ಆಡಿ 12ನ್ನೂ ಗೆದ್ದಿದ್ದರೂ "ಯಾರ ಮೇಲೆ ಗೆದ್ದಿದ್ದಾರೆ, ಹೇಳಿ ನೋಡೋಣ" ಎಂಬ ಕೊಂಕು ಬೆನ್ನು ಬಿಟ್ಟಿರಲಿಲ್ಲ.

ಹೆಸರಿನ ಒಂದು ಗೊಂದಲ ಇಲ್ಲೇ ಬಗೆಹರಿಸಿಬಿಡುತ್ತೇನೆ. ಬೋಯ್ಸಿಯ ಕೋಚ್ ಕ್ರಿಸ್ ಪೀಟರ್ಸನ್, ಮುಖ್ಯ ಕೋಚ್ ಆಗಿ ಅವರಿಗದು ಮೊದಲ ವರ್ಷ. ಓಕ್ಲಹೋಮಾದ ಓಟಗಾರ ಏಡ್ರಿಯನ್ ಪೀಟರ್ಸನ್. ಇಂಗ್ಲಿಷ್‌ನಲ್ಲಿ ಒಂದಕ್ಷರದ ವ್ಯತ್ಯಾಸ ಇದೆ, ಕನ್ನಡದಲ್ಲಿ ಅದೂ ಇಲ್ಲ. ಹಾಗಾಗಿ ಕ್ರಿಸ್, ಏಡ್ರಿಯನ್ ಎಂದೇ ಬರೆಯುತ್ತೇನೆ. ಏಡ್ರಿಯನ್ ಅಕ್ಟೋಬರ್ 14ರಂದು ಅಯೋವಾ ಸ್ಟೇಟ್ ವಿರುದ್ಧ ಎಂಡ್‌ಜೋನ್‌ಗೆ ಹಾರಿ ಕೊರಳಿನ ಕೆಳಗಿನ ಮೂಳೆ ಮುರಿದುಕೊಂಡಿದ್ದ, ಮರಳಿ ಕಣಕ್ಕಿಳಿದದ್ದು ಈ ಪಂದ್ಯಕ್ಕೆ. ಓಕ್ಲಹೋಮಾದ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುತ್ತಾ ಚೆಂಡು ಎಸೆಯುವವನು, ಪಾಲ್ ಥಾಂಪ್ಸನ್. ಹಿಂದಿನ ವರ್ಷ ಅವನು ರಿಸೀವರ್ ಆಗಿ, ಅಂದರೆ ಎಸೆದ ಚೆಂಡು ಹಿಡಿಯುವವನಾಗಿ, ಆಡುತ್ತಿದ್ದ. ಋತುವಿನ ಹೊಸ್ತಿಲಲ್ಲಿ ಜಾಗ ಖಾಲಿಯಾಗಿ ಹಳೆಯ ಕೆಲಸಕ್ಕೆ ಮರಳಿದ್ದ.

ನಾಲ್ಕು ಭಾಗದ ಆಟದಲ್ಲಿ ಮೊದಲ ಮೂರನ್ನು ಬೇಗ ದಾಟೋಣ. ಬೋಯ್ಸಿಯ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಜಾಬ್ರಾನ್ಸ್ಕಿ ರಿಸೀವರ್ ಡ್ರಿಸಾನ್ ಜೇಮ್ಸ್‌ಗೆ ಎರಡು ಉದ್ದನೆಯ ಟಚ್‌ಡೌನ್ ಎಸೆದ. ಅರ್ಧ ಆಟಕ್ಕೆ 21-10. ಮೂರನೇ ಭಾಗದಲ್ಲಿ ಬೋಯ್ಸಿಯ ಮಾರ್ಟಿ ಟ್ಯಾಡ್‌ಮನ್ ಥಾಂಪ್ಸನ್‌ನ ಎಸೆತ ಕಸಿದು ಎಂಡ್‌ಜೋನ್‌ವರೆಗೂ ಓಡಿದ, 28-10. ಇಲ್ಲಿಗೆ ಕಥೆ ಮುಗಿಯಬೇಕಿತ್ತು.

ತಿರುವು ಬಂದದ್ದು ಯಾರೂ ಲೆಕ್ಕಕ್ಕಿಡದ ಜಾಗದಿಂದ. ಓಕ್ಲಹೋಮಾ ಪಂಟ್ ಮಾಡಿತು, ಅಂದರೆ ಚೆಂಡನ್ನು ಎತ್ತರಕ್ಕೆ ಒದ್ದು ಬಿಟ್ಟುಕೊಟ್ಟಿತು. ಬಿಟ್ಟುಕೊಟ್ಟ ಚೆಂಡನ್ನು ಒದ್ದವರೇ ಮತ್ತೆ ತಮ್ಮದಾಗಿಸಿಕೊಳ್ಳುವಂತಿಲ್ಲ. ಆದರೆ ಅದು ಎದುರಾಳಿಯ ಯಾವನೇ ಒಬ್ಬನ ಮೈಗೆ ತಗುಲಿತೋ, ಯಾರು ಹಿಡಿದರೂ ಅವರದ್ದೇ. ಇಲ್ಲಿ ಉರುಳುತ್ತಿದ್ದ ಚೆಂಡು ಬೋಯ್ಸಿ ಆಟಗಾರನೊಬ್ಬನ ಕಾಲಿಗೆ ಬಡಿಯಿತು, ಓಕ್ಲಹೋಮಾ ಬಾಚಿಕೊಂಡಿತು. ಈ ಅವಘಡ ತಪ್ಪಿಸಲೆಂದೇ ಪಂಟ್ ಹಿಡಿಯುವವನು "ದೂರ ಸರಿಯಿರಿ" ಎಂದು ಕೂಗಿ ಕೈಬೀಸಬೇಕು. ತಡೆಯುವ ಕೆಲಸದಲ್ಲಿರುವವರ ಬೆನ್ನು ಚೆಂಡಿನ ಕಡೆಗಿರುತ್ತದೆ, ಗದ್ದಲದಲ್ಲಿ ಕೂಗು ಕೇಳಿಸುವುದಿಲ್ಲ, ಆಗುವುದು ಹೀಗೆಯೇ. ಏಡ್ರಿಯನ್ ಟಚ್‌ಡೌನ್ ಹೊಡೆದ, ಮೇಲೊಂದು ಫೀಲ್ಡ್ ಗೋಲ್ (ಆಟದ ನಡುವೆ ಕಂಬಗಳ ಮಧ್ಯೆ ಒದ್ದು ಗಳಿಸುವ 3 ಅಂಕ) ಬಂತು, 28-20.

ಪಂದ್ಯ ಮುಗಿಯಲು 1 ನಿಮಿಷ 26 ಸೆಕೆಂಡ್ ಇರುವಾಗ ಓಕ್ಲಹೋಮಾ ಮತ್ತೊಂದು ಟಚ್‌ಡೌನ್ ಗಳಿಸಿತು. ಸಮ ಮಾಡಲು ಎರಡಂಕದ ಯತ್ನ ಅನಿವಾರ್ಯ. ದಂಡಗಳಿಂದಾಗಿ ಅದನ್ನು ಮೂರು ಸಲ ಆಡಬೇಕಾಯಿತು, ಮೂರನೆಯದು ನಿಂತಿತು. 28-28.

ಮುಂದಿನ ಮೊದಲ ಎಸೆತದಲ್ಲೇ ಜಾಬ್ರಾನ್ಸ್ಕಿ ಎಡವಿದ. ಅವನು ಎಸೆದದ್ದು ಅಂಚಿನ ಗೆರೆಯ ಕಡೆಗೆ. ಇಂಥ ಎಸೆತ ಅಡ್ಡಡ್ಡ ಬಹಳ ದೂರ ಗಾಳಿಯಲ್ಲಿರುತ್ತದೆ. ಕ್ವಾರ್ಟರ್‌ಬ್ಯಾಕ್ ಒಂದು ಕ್ಷಣ ತಡಮಾಡಿದರೆ ಅಂಚು ಕಾಯುವ ರಕ್ಷಕ, ಅಂದರೆ ಕಾರ್ನರ್‌ಬ್ಯಾಕ್, ಅದನ್ನು ಓದಿಬಿಡುತ್ತಾನೆ, ಮುಂದೆ ನುಗ್ಗಿ ಕಸಿದರೆ ಅವನ ಎದುರು ಖಾಲಿ ಮೈದಾನ. ಓಕ್ಲಹೋಮಾದ ಮಾರ್ಕಸ್ ವಾಕರ್ ಕಸಿದ, 33 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. 35-28, ಉಳಿದದ್ದು 1 ನಿಮಿಷ 2 ಸೆಕೆಂಡ್. ತಮಾಷೆ ಏನೆಂದರೆ, ಬೋಯ್ಸಿಗೆ ಮರುಜೀವ ಕೊಟ್ಟದ್ದೂ ಆ ಟಚ್‌ಡೌನೇ. ವಾಕರ್ ಗೆರೆ ದಾಟದೆ ಅಲ್ಲೇ ಕೂತುಬಿಟ್ಟಿದ್ದರೆ ಓಕ್ಲಹೋಮಾ ಗಡಿಯಾರ ಸವೆಸಿ ಕೊನೆಗೊಂದು ಫೀಲ್ಡ್ ಗೋಲ್ ಒದೆಯಬಹುದಿತ್ತು. ಆದರೆ ಎದುರು ಯಾರೂ ಇಲ್ಲದಾಗ, ಅಂಕ ಸಮ ಇರುವಾಗ, ಇಪ್ಪತ್ತರ ಹುಡುಗನಿಗೆ ಕೂತುಕೋ ಎಂದು ಹೇಳುವವರಾರು?

ಈಗ ಆ ಆಟ. ಬೋಯ್ಸಿಯ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವುದೂ ಚೆಂಡು ಹಿಡಿಯುವುದೂ ಎರಡೂ ಇವನ ಕೆಲಸ) ಡೆರೆಕ್ ಶೌಮನ್ ಒಂದು ಉದ್ದನೆಯ ಎಸೆತ ಹಿಡಿದು ತಂಡವನ್ನು ಓಕ್ಲಹೋಮಾದ 42ಕ್ಕೆ ತಲುಪಿಸಿದ. ಅಲ್ಲಿಂದ ಮುಂದೆ ಹೋಗುವ ಬದಲು 8 ಯಾರ್ಡ್ ಹಿಂದೆ ಬಂದರು. ಚೆಂಡು ಸರಿಯಾಗಿ 50ರ ಗೆರೆ ಮೇಲೆ, ನಾಲ್ಕನೇ ಡೌನ್, ಬೇಕಾದದ್ದು 18 ಯಾರ್ಡ್, ಉಳಿದದ್ದು 18 ಸೆಕೆಂಡ್.

ಓಕ್ಲಹೋಮಾದ ರಕ್ಷಕರ ಜಾಗದಲ್ಲಿ ನಿಂತು ಯೋಚಿಸಿ. 50ರಿಂದ 18 ಕಳೆದರೆ 32ರ ಗೆರೆ. ಅದರಿಂದ ಈಚೆಗೆ ಯಾರು ಚೆಂಡು ಹಿಡಿದರೂ ಚಿಂತೆಯಿಲ್ಲ, ಹಿಡಿದವನನ್ನು ಅಲ್ಲೇ ಕೆಡವಿದರೆ ಪಂದ್ಯ ಮುಗಿಯಿತು. ಆದ್ದರಿಂದ ಎಲ್ಲರೂ ಆಳದಲ್ಲಿ ನಿಲ್ಲುತ್ತಾರೆ, ಮುಂದೆ ಹಿಡಿದವನ ಮೇಲೆ ಮುಗಿಬೀಳುತ್ತಾರೆ. ಯಾವ ಕೋಚ್ ಕಲಿಸಿದರೂ ಇದನ್ನೇ ಕಲಿಸುತ್ತಾರೆ.

ಬೋಯ್ಸಿ ಆಡಿದ್ದು ಹುಕ್ ಅಂಡ್ ಲ್ಯಾಟರಲ್. ಅವರ ತಂತ್ರಗಳ ಪುಸ್ತಕದಲ್ಲಿ ಅದರ ಹೆಸರು "ಸರ್ಕಸ್". ಜೇಮ್ಸ್ 15 ಯಾರ್ಡ್ ಓಡಿ ಗಕ್ಕನೆ ನಿಂತು ಕ್ವಾರ್ಟರ್‌ಬ್ಯಾಕ್ ಕಡೆಗೆ ಮುಖ ಮಾಡಿದ, 35ರ ಬಳಿ ಚೆಂಡು ಹಿಡಿದ. ಗೆರೆಗೆ ಇನ್ನೂ 3 ಯಾರ್ಡ್ ಬಾಕಿ. ರಕ್ಷಕರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಸುತ್ತಲಿದ್ದವರು ಅವನತ್ತ ನುಗ್ಗಿದರು. ಅದೇ ಹೊತ್ತಿಗೆ ಎದುರು ದಿಕ್ಕಿನಿಂದ ಇನ್ನೊಬ್ಬ ರಿಸೀವರ್ ಜೆರಾರ್ಡ್ ರ‍್ಯಾಬ್ ಪೂರ್ತಿ ವೇಗದಲ್ಲಿ ಅಡ್ಡ ಹಾಯ್ದು ಬಂದ. ಜೇಮ್ಸ್ ಚೆಂಡನ್ನು ಅವನ ಕೈಗೆ ತಳ್ಳಿದ. ಜೇಮ್ಸ್‌ನತ್ತ ನುಗ್ಗುತ್ತಿದ್ದವರ ಕಾಲು ಒಂದು ದಿಕ್ಕಿಗೆ, ಚೆಂಡು ಇನ್ನೊಂದು ದಿಕ್ಕಿಗೆ. ಉಳಿದ 35 ಯಾರ್ಡನ್ನು ರ‍್ಯಾಬ್ ಓಡಿ ಮುಗಿಸಿದ. 7 ಸೆಕೆಂಡ್ ಬಾಕಿ, ಒದೆತವೂ ಸರಿಹೋಗಿ 35-35.

ಇದನ್ನು ಶಾಲಾ ತಂಡಗಳೂ ಆಡಲು ನೋಡುತ್ತವೆ, ಬಹಳ ಸಲ ಕೆಡುತ್ತದೆ. ಕೆಡುವುದು ಮುಖ್ಯವಾಗಿ ಮೂರು ಕಡೆ. ಮೊದಲನೆಯದು ದಿಕ್ಕು: ಚೆಂಡು ಹಿಡಿದವನು ಪಕ್ಕಕ್ಕೋ ಹಿಂದಕ್ಕೋ ಎಷ್ಟು ಸಲ ಬೇಕಾದರೂ ಕೊಡಬಹುದು, ಒಂದು ಗೇಣು ಮುಂದಕ್ಕೆ ಹೋದರೂ ತಪ್ಪು, ನಾಲ್ಕನೇ ಡೌನ್‌ನಲ್ಲಿ ಅಲ್ಲಿಗೇ ಆಟ ಖಲಾಸ್. ಹಾಗಾಗಿ ಎರಡನೆಯವನು ಮೊದಲನೆಯವನಿಗಿಂತ ಒಂದೆರಡು ಹೆಜ್ಜೆ ಹಿಂದಿನ ಗೆರೆಯಲ್ಲಿ ಬರಬೇಕು. ಎರಡನೆಯದು ಕಾಲ. ಬೇಗ ಬಂದರೆ ರಕ್ಷಕರು ಇನ್ನೂ ಮೋಸ ಹೋಗಿರುವುದಿಲ್ಲ. ತಡವಾದರೆ ಚೆಂಡು ಹಿಡಿದವನು ಆಗಲೇ ನೆಲದ ಮೇಲಿರುತ್ತಾನೆ. ನಡುವಿನ ಕಿಂಡಿ ಅರ್ಧ ಸೆಕೆಂಡಿನಷ್ಟೂ ಇರುವುದಿಲ್ಲ. ಮೂರನೆಯದು, ಜನ ಮರೆಯುವಂಥದ್ದು: ಮೊದಲನೆಯವನು ಚೆಂಡನ್ನು ನಿಜವಾಗಿ ಹಿಡಿಯಬೇಕು. ಕೊಡುವ ಆತುರದಲ್ಲಿ ಕಣ್ಣು ಅತ್ತ ಹೊರಳಿದರೆ ಚೆಂಡು ಬೆರಳಿಗೆ ತಾಗಿ ನೆಲಕ್ಕೆ. ಜೇಮ್ಸ್ ಮೊದಲು ಚೆಂಡನ್ನು ಪೂರ್ತಿ ಹಿಡಿದಿದ್ದಾನೆ, ಆಮೇಲೆ ಕೊಟ್ಟಿದ್ದಾನೆ. ವಿಡಿಯೊ ನಿಧಾನ ಮಾಡಿ ನೋಡಿದರೆ ಎರಡೂ ಬೇರೆ ಬೇರೆ ಕೆಲಸಗಳಾಗಿ ಕಾಣುತ್ತವೆ.

ಹೆಚ್ಚುವರಿ ಅವಧಿ. ಕಾಲೇಜು ಆಟದಲ್ಲಿ ಇದು ಕ್ರಿಕೆಟ್‌ನ ಸೂಪರ್ ಓವರ್‌ಗೆ ಹತ್ತಿರ. ಒಂದೊಂದು ತಂಡಕ್ಕೂ ಎದುರಾಳಿಯ 25 ಯಾರ್ಡ್ ಗೆರೆಯಿಂದ ಒಂದೊಂದು ಸರದಿ. ಎರಡನೆಯದಾಗಿ ಆಡುವವರಿಗೆ ಗುರಿ ಗೊತ್ತಿರುತ್ತದೆ, ಹಾಗಾಗಿ ಚೇಸ್ ಮಾಡುವುದೇ ಲೇಸು. ಓಕ್ಲಹೋಮಾ ಮೊದಲು ಆಡಿತು. ಮೊದಲ ಯತ್ನದಲ್ಲೇ ಏಡ್ರಿಯನ್ 25 ಯಾರ್ಡ್ ಓಡಿ ಟಚ್‌ಡೌನ್, 42-35. ಕಾಲೇಜು ಬದುಕಿನಲ್ಲಿ ಅವನು ಚೆಂಡು ಹಿಡಿದು ಓಡಿದ್ದು ಅದೇ ಕೊನೆ. ಆ ಏಪ್ರಿಲ್‌ನಲ್ಲಿ ವೃತ್ತಿಪರ ತಂಡಗಳು ಹೊಸಬರನ್ನು ಆರಿಸುವಾಗ ಮಿನೆಸೋಟಾ ವೈಕಿಂಗ್ಸ್ ಅವನನ್ನು ಏಳನೆಯವನಾಗಿ ಆರಿಸಿಕೊಂಡಿತು.

ಬೋಯ್ಸಿಯ ಸರದಿ ಮತ್ತೆ ನಾಲ್ಕನೇ ಡೌನ್‌ಗೆ ಬಂದು ನಿಂತಿತು. 5 ಯಾರ್ಡ್ ಗೆರೆ, ಬೇಕಾದದ್ದು 2. ಫೀಲ್ಡ್ ಗೋಲ್ ಒದ್ದರೆ ಬರೀ 3 ಅಂಕ, ಪ್ರಯೋಜನವಿಲ್ಲ. ಸ್ನ್ಯಾಪ್‌ಗೆ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವುದಕ್ಕೆ, ಮುಂಚೆ ಜಾಬ್ರಾನ್ಸ್ಕಿ ತನ್ನ ಜಾಗ ಬಿಟ್ಟು ಎಡಕ್ಕೆ ನಡೆದುಹೋದ. ಸ್ನ್ಯಾಪ್ ಸಮಯದಲ್ಲಿ ಒಬ್ಬನು ಅಡ್ಡ ಚಲಿಸುತ್ತಿದ್ದರೆ ನಿಯಮಕ್ಕೆ ವಿರುದ್ಧವಲ್ಲ, ಮುಂದಕ್ಕೆ ಹೋಗಬಾರದು ಅಷ್ಟೆ. ಇಡೀ ರಾತ್ರಿ ಅವನನ್ನೇ ಕಣ್ಣಿಟ್ಟು ಕಾದವರು ಈಗ ಮಾತ್ರ ಹೇಗೆ ಬಿಟ್ಟಾರು? ಚೆಂಡು ನೇರವಾಗಿ ಹೋದದ್ದು ರಿಸೀವರ್ ವಿನ್ನಿ ಪೆರೆಟಾನ ಕೈಗೆ. ಅವನು ಓಡುವವನಂತೆ ಬಲಕ್ಕೆ ಹೊರಟ. ಓಟ ತಡೆಯಲು ರಕ್ಷಕರು ಮುಂದೆ ಬಂದರು, ಅವರ ಬೆನ್ನ ಹಿಂದೆ ಶೌಮನ್ ಒಬ್ಬನೇ. ಪೆರೆಟಾ ಎಸೆದ, ಟಚ್‌ಡೌನ್. 42-41.

ಇಂಥ ಆಟದಲ್ಲಿ ಎಡವುವುದು ಹೆಚ್ಚಾಗಿ ಎಸೆಯುವವನೇ. ಎಸೆತ ಅವನ ವೃತ್ತಿಯಲ್ಲ, ಓಡುತ್ತಾ ಎಸೆಯಬೇಕು, ಖುಷಿಗೆ ಜೋರಾಗಿ ಬೀಸಿಬಿಡುತ್ತಾನೆ. ಮೆತ್ತಗೆ ಎಸೆಯಲು ಧೈರ್ಯ ಬೇಕು.

ಈಗ ಕ್ರಿಸ್ ಎದುರಿಗಿದ್ದ ಪ್ರಶ್ನೆ: ಒದ್ದು ಸಮ ಮಾಡುವುದೋ, ಎರಡಕ್ಕೆ ಹೋಗುವುದೋ? ಒದ್ದರೆ ಎರಡನೇ ಸುತ್ತು. ಎರಡನೇ ಸುತ್ತಿನಲ್ಲಿ ಆಯ್ಕೆಯ ಹಕ್ಕು ಅದಲುಬದಲಾಗುತ್ತದೆ, ಬೋಯ್ಸಿ ಮೊದಲು ಆಡಬೇಕಾಗುವ ಸಂಭವವೇ ಹೆಚ್ಚು. ಚೇಸ್ ಮಾಡುವ ಅನುಕೂಲ ಕೈತಪ್ಪುತ್ತದೆ. ಒಂದೇ ಯತ್ನದಲ್ಲಿ 25 ಯಾರ್ಡ್ ಓಡಿದ ಏಡ್ರಿಯನ್‌ನನ್ನು ಮತ್ತೆ ತಡೆಯಬೇಕು. ಸಮಬಲದ ತಂಡಗಳಾದರೆ ಅಲ್ಲಿ ಗೆಲುವಿನ ಸಾಧ್ಯತೆ ಅರ್ಧಕ್ಕರ್ಧ. ಇವರಿಗೆ ಅಷ್ಟೂ ಇರಲಿಲ್ಲ ಎಂಬುದು ನನ್ನ ಲೆಕ್ಕ. ಎರಡಂಕದ ಯತ್ನದ ಶೇ 40-45 ಈಗ ಅಷ್ಟೇನೂ ಹುಚ್ಚಾಗಿ ಕಾಣುವುದಿಲ್ಲ, ಅಲ್ಲವೆ? ಅದರ ಮೇಲೆ ಎದುರಾಳಿ ಆ ರಾತ್ರಿ ಕಾಣದ ಒಂದು ಆಟ ಚೀಲದಲ್ಲಿತ್ತು. ಇಂದಿನ ನಿಯಮದಲ್ಲಾದರೆ ಎರಡನೇ ಸುತ್ತಿನಿಂದ ಟಚ್‌ಡೌನ್ ಬಳಿಕ ಎರಡಂಕದ ಯತ್ನ ಕಡ್ಡಾಯ, ಮೂರನೇ ಸುತ್ತಿನಿಂದ ಬರೀ ಅದೇ ಯತ್ನಗಳ ಸರದಿ. ಹಾಗಾಗಿ ಮೊದಲ ಸುತ್ತಿನಲ್ಲೇ ಹೋಗಿಬಿಡುವ ವಾದಕ್ಕೆ ಈಗ ಇನ್ನೂ ಬಲ ಬಂದಿದೆ.

ಆ ಆಟದ ಹೆಸರು ಸ್ಟ್ಯಾಚ್ಯೂ ಆಫ್ ಲಿಬರ್ಟಿ. ಎಸೆಯಲು ಕೈಯೆತ್ತಿ ನಿಂತ ಕ್ವಾರ್ಟರ್‌ಬ್ಯಾಕ್ ನ್ಯೂಯಾರ್ಕಿನ ಪ್ರತಿಮೆಯಂತೆ ಕಾಣುತ್ತಾನೆ ಎಂಬುದಕ್ಕೆ ಆ ಹೆಸರು. ತಂತ್ರ ಬಹಳ ಹಳೆಯದು, ಹಳೆಯದಾದ್ದರಿಂದಲೇ ಯಾರೂ ನಿರೀಕ್ಷಿಸುವುದಿಲ್ಲ. ಬೋಯ್ಸಿ ಮೂವರು ರಿಸೀವರ್‌ಗಳನ್ನು ಬಲಕ್ಕೆ ನಿಲ್ಲಿಸಿತು. ಮೂವರು ಒಂದೇ ಕಡೆ ಇದ್ದರೆ ರಕ್ಷಕರೂ ಅತ್ತ ವಾಲಲೇಬೇಕು, ಇಲ್ಲದಿದ್ದರೆ ಒಂದು ಸರಳ ಎಸೆತಕ್ಕೇ ಅಂಕ ಹೋಗುತ್ತದೆ. ಜಾಬ್ರಾನ್ಸ್ಕಿ ಚೆಂಡು ಹಿಡಿದು ಬಲಕ್ಕೆ ತಿರುಗಿದ, ಬಲಗೈ ಬೀಸಿ ಎಸೆದೇಬಿಟ್ಟ. ಆ ಕೈಯಲ್ಲಿ ಚೆಂಡಿರಲಿಲ್ಲ. ಅದು ಎಡಗೈಯಲ್ಲಿ, ಬೆನ್ನ ಹಿಂದೆ. ಓಟಗಾರ ಇಯನ್ ಜಾನ್ಸನ್ ಅದನ್ನು ಎತ್ತಿಕೊಂಡು ಎಡಕ್ಕೆ ಓಡಿದ. ಎಂಡ್‌ಜೋನ್‌ವರೆಗೆ ಅವನ ಮೈಮುಟ್ಟಿದವರಿಲ್ಲ.

ಇದರಲ್ಲಿ ಕೆಡಬಹುದಾದ ಭಾಗಗಳು ಚಿಕ್ಕವು, ಆದರೆ ಒಂದೊಂದೂ ಮಾರಕ. ಓಡುವವನ ಮೊದಲ ಹೆಜ್ಜೆ ತೀರ ಮುಖ್ಯ. ಅವನು ಮೊದಲೇ ಚೆಂಡಿನತ್ತ ಹೊರಟರೆ ರಕ್ಷಕ ಅವನನ್ನೇ ಹಿಂಬಾಲಿಸುತ್ತಾನೆ; ನುಗ್ಗಿ ಬರುವವರನ್ನು ತಡೆಯುವವನಂತೆ ಒಂದು ಕ್ಷಣ ಸುಮ್ಮನೆ ನಿಂತು ಆಮೇಲೆ ಹೊರಡಬೇಕು. ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಬಲಗೈಯ ಜೊತೆಗೇ ಹೋಗಬೇಕು. ಬರೀ ಕೈ ಬೀಸಿ ಕಣ್ಣು ಎಡಕ್ಕೆ ಹೊರಳಿದರೆ ಪಳಗಿದ ರಕ್ಷಕನಿಗೆ ಅಷ್ಟೇ ಸಾಕು. ಎಡಗೈಯಲ್ಲಿ ಚೆಂಡನ್ನು ಗಟ್ಟಿಯಾಗಿ ಹಿಡಿಯುವಂತಿಲ್ಲ, ಬಂದವನು ಕಿತ್ತುಕೊಳ್ಳಲು ಬರಬೇಕು. ಸಡಿಲವೂ ಬಿಡುವಂತಿಲ್ಲ, ಜಾರುತ್ತದೆ. ನೋಡದೆ ಬೆನ್ನ ಹಿಂದೆ ಕೊಡುವ ಈ ಹದ ಸಾವಿರ ಸಲ ಮಾಡಿದರೆ ಮಾತ್ರ ಬರುವಂಥದ್ದು. ಇಷ್ಟಾಗಿಯೂ, ಎಡ ಅಂಚಿನ ರಕ್ಷಕನೊಬ್ಬ ಮೋಸ ಹೋಗದೆ ತನ್ನ ಜಾಗದಲ್ಲೇ ನಿಂತುಬಿಟ್ಟರೆ ಇಡೀ ಆಟ ಬಿದ್ದುಹೋಗುತ್ತದೆ. ಹಾಗೆ ನಿಲ್ಲದವರ ಮೇಲೆ, ಚೆಂಡಿನ ಹಿಂದೆ ಗಾಳಿಯಂತೆ ಓಡುವ ಚುರುಕಿನ ರಕ್ಷಣೆಯ ಮೇಲೆ ಇದು ಚೆನ್ನಾಗಿ ಫಲಿಸುತ್ತದೆ. ಕೋಚ್ ಬಾಬ್ ಸ್ಟೂಪ್ಸ್ ಕಟ್ಟಿದ ಓಕ್ಲಹೋಮಾ ಅಂಥದ್ದೇ ತಂಡ.

ಜಾನ್ಸನ್ ಪಂದ್ಯ ಮುಗಿದ ಬೆನ್ನಲ್ಲೇ ಟಿವಿ ಕ್ಯಾಮೆರಾ ಮುಂದೆ ಮಂಡಿಯೂರಿ ಚಿಯರ್‌ಲೀಡರ್ ಆಗಿದ್ದ ತನ್ನ ಗೆಳತಿಗೆ ಮದುವೆಯ ಪ್ರಸ್ತಾಪ ಮಾಡಿದ. ಅನೇಕರಿಗೆ ನೆನಪಿರುವುದು ಅದೇ.

13ಕ್ಕೆ 13 ಗೆದ್ದರೂ ಬೋಯ್ಸಿಗೆ ಎಪಿಯ ಅಂತಿಮ ಪಟ್ಟಿಯಲ್ಲಿ ಸಿಕ್ಕಿದ್ದು 5ನೇ ಸ್ಥಾನ. ಮೇಲ್ದರ್ಜೆಯಲ್ಲಿ ಆ ವರ್ಷ ಸೋಲದ ತಂಡ ಅದೊಂದೇ. ಒಂದು ವಾರದ ನಂತರ ಅದೇ ಮೈದಾನದಲ್ಲಿ ಒಹಾಯೊ ಸ್ಟೇಟನ್ನು 41-14ರಿಂದ ಬಗ್ಗುಬಡಿದು ಚಾಂಪಿಯನ್ ಆದ ಫ್ಲಾರಿಡಾ ಋತುವಿನಲ್ಲಿ ಒಂದು ಪಂದ್ಯ ಸೋತಿತ್ತು. ಆಗಿನ ಪದ್ಧತಿಯಲ್ಲಿ ಪ್ರಶಸ್ತಿಗೆ ಆಡುವವರು ಇಬ್ಬರೇ, ಆ ಇಬ್ಬರನ್ನು ಆರಿಸುತ್ತಿದ್ದದ್ದು ಮತಪಟ್ಟಿ ಮತ್ತು ಕಂಪ್ಯೂಟರ್ ಲೆಕ್ಕ. ಸಣ್ಣ ಒಕ್ಕೂಟದ ತಂಡಕ್ಕೆ ಬಾಗಿಲು ಮುಚ್ಚಿಯೇ ಇತ್ತು.

ತಂತ್ರದ ಚಾಳಿಯನ್ನು ಬೋಯ್ಸಿ ಬಿಡಲಿಲ್ಲ. 2010ರ ಜನವರಿಯಲ್ಲಿ ಅದೇ ಫಿಯೆಸ್ಟಾ ಬೌಲ್, 6ನೇ ಸ್ಥಾನದ ಬೋಯ್ಸಿ, 3ನೇ ಸ್ಥಾನದ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ). ನಾಲ್ಕನೇ ಭಾಗ, ಅಂಕ 10-10, ನಾಲ್ಕನೇ ಡೌನ್, ಬೇಕಾದದ್ದು 9 ಯಾರ್ಡ್. ಪಂಟ್ ಮಾಡಲು ನಿಂತ ಕೈಲ್ ಬ್ರಾಟ್ಸ್‌ಮನ್ ಒದೆಯಲಿಲ್ಲ, ಕೈಲ್ ಎಫಾವ್‌ಗೆ ಎಸೆದ, 29 ಯಾರ್ಡ್ ಸಿಕ್ಕಿತು. ಅದೇ ದಾರಿಯಲ್ಲಿ ಟಚ್‌ಡೌನ್, 17-10. ತಂಡಗಳ ಸಂಖ್ಯೆ 12ಕ್ಕೇರಿದ ಹೊಸ ಪ್ಲೇಆಫ್‌ನಲ್ಲಿ, 2024ರ ಡಿಸೆಂಬರ್ 31ರಂದು, ಬೋಯ್ಸಿ ಮತ್ತೆ ಗ್ಲೆಂಡೇಲ್‌ಗೆ ಬಂತು. ಕ್ರೀಡಾಂಗಣದ ಹೆಸರು ಅಷ್ಟರಲ್ಲಿ ಸ್ಟೇಟ್ ಫಾರ್ಮ್ ಸ್ಟೇಡಿಯಂ ಆಗಿತ್ತು. ಆ ಸಲ ಪೆನ್ ಸ್ಟೇಟ್ 31-14ರಿಂದ ಗೆದ್ದಿತು. ಫಿಯೆಸ್ಟಾ ಬೌಲ್‌ನಲ್ಲಿ ಬೋಯ್ಸಿ ಸೋತದ್ದು ಅದೇ ಮೊದಲು.